ಸ್ಕೂಟರ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ಹೊಸದು ಕೊಳ್ಳುವ ಮುಂಚೆ ಮೀಟರ್ ಇಟ್ಟು ನೋಡಿ

"ಹೊಸ ಬ್ಯಾಟರಿ ಹಾಕಿಸಿ ಎರಡು ತಿಂಗಳೂ ಆಗಿಲ್ಲ, ಬೆಳಿಗ್ಗೆ ಸೆಲ್ಫ್ ಒತ್ತಿದರೆ ಮತ್ತೆ ಟಕ್ ಟಕ್ ಅನ್ನುತ್ತೆ. ಈಗೇನು ಮಾಡಲಿ?" ಸ್ಕೂಟರ್ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಳೆಗಾಲ ಶುರುವಾದರೆ ಇನ್ನೂ ಜಾಸ್ತಿ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೆಲ್ಫ್ ತೆಗೆದುಕೊಳ್ಳದಿದ್ದರೆ ಬ್ಯಾಟರಿ ಬದಲಿಸುವುದು ನಮ್ಮಲ್ಲಿ ರೂಢಿ. ಬ್ಯಾಟರಿಗೆ ಕರೆಂಟ್ ತಲುಪಿಸುವ ದಾರಿಯಲ್ಲೇ ದೋಷವಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ. ಹಾಗೆಂದು ಕಾಯಿಲ್, ರೆಗ್ಯುಲೇಟರ್ ಎಲ್ಲ ಬದಲಿಸಿದ ಮೇಲೆ ದೋಷ ಬ್ಯಾಟರಿಯದ್ದೇ ಎಂದು ಗೊತ್ತಾಗುವುದೂ ಉಂಟು. ಎರಡರಲ್ಲೂ ದುಡ್ಡು ನಿಮ್ಮದೇ ಹೋಗುವುದು. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಗಂಟೆಯಲ್ಲಿ ದೋಷ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ರಿಪೇರಿಯನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಆದರೆ ಅಳತೆಯನ್ನು ನೀವೇ ನೋಡಿಕೊಂಡು ಹೋಗಿ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಸ್ಕೂಟರ್‌ಗಳ 12 ವೋಲ್ಟ್ ಬ್ಯಾಟರಿಗೆ ಮಾತ್ರ. ಎಲೆಕ್ಟ್ರಿಕ್ ಸ್ಕೂಟರ್‌ನ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇದರ ಎಷ್ಟೋ ಪಟ್ಟು ಇರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಕರೆಂಟ್ ಬರುವ ದಾರಿ

ಇಷ್ಟನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಎಂಜಿನ್ ತಿರುಗಿದಾಗ ಅದರ ಜೊತೆ ಅಯಸ್ಕಾಂತಗಳಿರುವ ಒಂದು ಚಕ್ರ ತಿರುಗುತ್ತದೆ. ಗ್ಯಾರೇಜಿನಲ್ಲಿ ಅದನ್ನು ಮ್ಯಾಗ್ನೆಟ್ ಎನ್ನುತ್ತಾರೆ. ಅದರೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಅಲುಗಾಡದೆ ಕೂತಿರುತ್ತದೆ, ಅದೇ ಸ್ಟೇಟರ್. ಇವೆರಡೂ ಸೇರಿ ತಯಾರಿಸುವುದು ಎಸಿ ಕರೆಂಟ್. ಬ್ಯಾಟರಿಗೆ ಬೇಕಿರುವುದು ಡಿಸಿ. ಎಸಿಯನ್ನು ಡಿಸಿ ಮಾಡಿ, ವೋಲ್ಟೇಜ್ ಮಿತಿ ಮೀರದಂತೆ ಹಿಡಿದಿಡುವ ಪುಟ್ಟ ಅಲ್ಯೂಮಿನಿಯಂ ಡಬ್ಬಿಯೇ ರೆಗ್ಯುಲೇಟರ್-ರೆಕ್ಟಿಫೈಯರ್. ಮೆಕ್ಯಾನಿಕ್‌ಗಳು ಇದನ್ನು ಆರ್‌ಆರ್ ಯೂನಿಟ್ ಎಂದು ಕರೆಯುತ್ತಾರೆ. ಅಲ್ಲಿಂದ ಕರೆಂಟ್ ಫ್ಯೂಸ್ ದಾಟಿ ಬ್ಯಾಟರಿಯ ಪ್ಲಸ್‌ಗೆ ಬರುತ್ತದೆ. ವಾಪಸ್ ಹೋಗುವ ದಾರಿ ಗಾಡಿಯ ಕಬ್ಬಿಣದ ಮೈ, ಅಂದರೆ ಅರ್ತ್.

ಬ್ಯಾಟರಿ, ಫ್ಯೂಸ್, ವೈರು ಮತ್ತು ಕಪ್ಲರ್, ಆರ್‌ಆರ್, ಸ್ಟೇಟರ್, ಅರ್ತ್: ದೋಷ ಇವುಗಳಲ್ಲಿ ಎಲ್ಲಾದರೂ ಇರಬೇಕು. ಕಪ್ಲರ್ ಎಂದರೆ ವೈರುಗಳನ್ನು ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ. ಸುಲಭದ್ದರಿಂದ ಶುರುಮಾಡಿ ಕಷ್ಟದ್ದರ ಕಡೆಗೆ ಹೋಗೋಣ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಬಿಎಸ್-6 ನಿಯಮ 2020ರ ಏಪ್ರಿಲ್ 1ರಂದು ಜಾರಿಯಾದ ಮೇಲೆ ಬಂದ ಸ್ಕೂಟರ್‌ಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಪಂಪು, ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್, ಎರಡಕ್ಕೂ ಕರೆಂಟ್ ಬೇಕು. ಹೀಗಾಗಿ ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಗಾಡಿ ಹತ್ತದೆ ಹೋಗಬಹುದು. ಆಕ್ಟಿವಾ 6ಜಿಯಂಥ ಗಾಡಿಗಳಲ್ಲಿ ಬೇರೆ ಸ್ಟಾರ್ಟರ್ ಮೋಟಾರೇ ಇಲ್ಲ. ಸದ್ದಿಲ್ಲದೆ ಸ್ಟಾರ್ಟ್ ಆಗುವುದು ಅದಕ್ಕೇ. ಎಂಜಿನ್ ತಿರುಗಿಸುವುದೂ ಆಮೇಲೆ ಕರೆಂಟ್ ತಯಾರಿಸುವುದೂ ಒಂದೇ ಯಂತ್ರ. ಅಂಥ ಗಾಡಿ ನಿಮ್ಮದಾದರೆ 1ರಿಂದ 5ನೇ ಹಂತದವರೆಗೆ ಮಾಡಿ, ಸ್ಟೇಟರ್ ಪರೀಕ್ಷೆಯನ್ನು ಸರ್ವಿಸ್ ಸೆಂಟರಿಗೆ ಬಿಡಿ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ, ಬೇರೆ ಊರಿನವರಿಗೆ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಎಮರಿ ಪೇಪರ್, ಹಳೇ ಹಲ್ಲುಜ್ಜುವ ಬ್ರಷ್ಷು, ವ್ಯಾಸಲೀನ್, ಟಾರ್ಚು. ರೆಕಾರ್ಡ್ ಮಾಡಿಕೊಳ್ಳಲು ಒಂದು ಚೀಟಿ. ನಾಲ್ಕಾರು ಅಳತೆ ತೆಗೆಯುವಾಗ ಮೊದಲಿನದು ಮರೆತುಹೋಗುತ್ತದೆ, ಬರೆದಿಟ್ಟುಕೊಳ್ಳಿ.

ಗಾಡಿಯನ್ನು ಬಯಲಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ. ರೇಸ್ ಕೊಟ್ಟಾಗ ಹಿಂದಿನ ಚಕ್ರ ತಿರುಗುತ್ತದೆ. ಸೀರೆ ಸೆರಗು, ದುಪಟ್ಟಾ, ಮಕ್ಕಳ ಕೈ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಹಂತ 1: ಬ್ಯಾಟರಿ ಎಲ್ಲಿದೆ, ಹೇಗಿದೆ?

ಆಕ್ಟಿವಾದಲ್ಲಿ ಬ್ಯಾಟರಿ ಕಾಲಿಡುವ ಜಾಗದ ಮ್ಯಾಟ್ ಕೆಳಗಿನ ಮುಚ್ಚಳದೊಳಗೆ ಇರುತ್ತದೆ. ಬೇರೆ ಗಾಡಿಗಳಲ್ಲಿ ಜಾಗ ಬೇರೆ ಬೇರೆ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಫೂಟ್‌ಬೋರ್ಡ್ ಕೆಳಗಿನ ಬ್ಯಾಟರಿಗೆ ಮಳೆನೀರು, ವಾಟರ್ ಸರ್ವಿಸ್‌ನ ಪ್ರೆಷರ್ ನೀರು ಎರಡೂ ಸುಲಭವಾಗಿ ತಲುಪುತ್ತವೆ. ಕಾರವಾರ, ಮಂಗಳೂರಿನ ಕಡೆಯ ಉಪ್ಪುಗಾಳಿಗೂ ಮಲೆನಾಡಿನ ತಿಂಗಳುಗಟ್ಟಲೆಯ ತೇವಕ್ಕೂ ಸಿಕ್ಕ ಟರ್ಮಿನಲ್‌ಗಳನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು.

ಮುಚ್ಚಳ ತೆಗೆದು ಟಾರ್ಚ್ ಹಾಕಿ. ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದೆಯೇ? ಬೆರಳಿಂದ ಅಲುಗಾಡಿಸಿದರೆ ವೈರು ಕುಣಿಯುತ್ತದೆಯೇ? ಬ್ಯಾಟರಿಯ ಪಕ್ಕ ಉಬ್ಬಿದೆಯೇ? ಉಬ್ಬಿದ್ದರೆ, ಸೀಳಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು, ಅದನ್ನು ಮತ್ತೆ ಚಾರ್ಜ್ ಮಾಡಲು ಹೋಗಬೇಡಿ. ಆದರೆ ಅದು ಉಬ್ಬಿದ್ದೇಕೆ ಎಂದು ತಿಳಿಯಲು 4ನೇ ಹಂತವನ್ನು ಬಿಡಬೇಡಿ. ಹೆಚ್ಚು ವೋಲ್ಟೇಜ್ ಕೊಡುವ ಆರ್‌ಆರ್ ಇದ್ದರೆ ಹೊಸದನ್ನೂ ಅದು ಹಾಗೇ ಉಬ್ಬಿಸುತ್ತದೆ.

ಪುಡಿ ಇದ್ದರೆ ವೈರು ಬಿಚ್ಚಿ ಉಜ್ಜಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮಕ್ಕೆ ಕಾರಣವಿದೆ. ಮೈನಸ್ ಇನ್ನೂ ಜೋಡಿಸಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಾಗಿದರೆ ನೇರ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಉಜ್ಜಿದ ಮೇಲೆ ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಬಿಗಿ ಮಾಡುವ ಮುಂಚೆ ಸವರಬೇಡಿ.

ಹಳೆಯ ಕಾಲದ, ಮೇಲೆ ಆರು ಬಿರಡೆ ಇರುವ ಬ್ಯಾಟರಿಯಾದರೆ ಪಕ್ಕದಲ್ಲಿರುವ ಎರಡು ಗೆರೆಗಳ ನಡುವೆ ನೀರಿನ ಮಟ್ಟ ಇರಬೇಕು. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಾಗಲಿ ಮನೆಯ ಫಿಲ್ಟರ್ ನೀರಾಗಲಿ ಬೇಡ, ಅದರಲ್ಲಿರುವ ಲವಣಗಳು ಒಳಗಿನ ಪ್ಲೇಟುಗಳನ್ನು ಕೆಡಿಸುತ್ತವೆ. ಈಗಿನ ಮೇಂಟೆನೆನ್ಸ್ ಫ್ರೀ ಬ್ಯಾಟರಿಯ ಮುಚ್ಚಳವನ್ನು ಕೀಳಬಾರದು. ಕೈಗೆ ಆಸಿಡ್ ತಾಗಿದರೆ ತಕ್ಷಣ ಸಾಕಷ್ಟು ನೀರು ಸುರಿದು ತೊಳೆಯಿರಿ. ಕಣ್ಣಿಗಾದರೆ ತೊಳೆಯುತ್ತಲೇ ಡಾಕ್ಟರ ಬಳಿ ಹೋಗಿ.

ಹಂತ 2: ಫ್ಯೂಸ್

ಬ್ಯಾಟರಿ ಪಕ್ಕದಲ್ಲೇ ಪುಟ್ಟ ಡಬ್ಬಿಯಲ್ಲಿರುತ್ತದೆ. ಹೊರತೆಗೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿದೆಯೋ ಇಲ್ಲವೋ ಕಾಣುತ್ತದೆ. ಅದೇ ಆಂಪಿಯರ್‌ನ ಫ್ಯೂಸನ್ನೇ ಹಾಕಿ. ತಂತಿ ಸುತ್ತುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕುವುದು ಬೇಡವೇ ಬೇಡ. ಅದರಿಂದ ಗಾಡಿಗೆ ಬೆಂಕಿ ಹತ್ತಬಹುದು. ಹೊಸ ಫ್ಯೂಸ್ ಕೂಡ ಕೂಡಲೇ ಹೋದರೆ ಎಲ್ಲೋ ವೈರು ಕಿತ್ತು ಕಬ್ಬಿಣಕ್ಕೆ ತಾಗುತ್ತಿದೆ ಎಂದರ್ಥ, ಅದನ್ನು ಹುಡುಕಿಸಿ.

ಹಂತ 3: ಎಂಜಿನ್ ಆಫ್ ಇದ್ದಾಗಿನ ಅಳತೆ

ಗಾಡಿ ಓಡಿಸಿ ಕೆಲವು ಗಂಟೆಯಾದರೂ ಆಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಇನ್ನೂ ಒಳ್ಳೆಯದು. ಆಗತಾನೇ ನಿಲ್ಲಿಸಿದ ಗಾಡಿಯ ಬ್ಯಾಟರಿ ಸುಳ್ಳು ಲೆಕ್ಕ ಹೇಳುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಮೊನೆಯನ್ನು ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ಒತ್ತಿಹಿಡಿಯಿರಿ. ವೈರಿನ ಬೋಲ್ಟ್ ಮೇಲಲ್ಲ, ಬ್ಯಾಟರಿಯದ್ದೇ ಸೀಸದ ಟರ್ಮಿನಲ್ ಮೇಲೆ.

12.6 ಅಥವಾ ಅದಕ್ಕಿಂತ ಹೆಚ್ಚು: ಪೂರ್ತಿ ಚಾರ್ಜ್ ಇದೆ.
12.4: ಮುಕ್ಕಾಲು ಭಾಗ.
12.2: ಸುಮಾರು ಅರ್ಧ.
12.0ಗಿಂತ ಕೆಳಗೆ: ಹೆಚ್ಚು ಕಡಿಮೆ ಖಾಲಿ.
10.5ರ ಆಸುಪಾಸು: ಒಳಗಿನ ಆರು ಸೆಲ್‌ಗಳಲ್ಲಿ ಒಂದು ಹೋಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಒಂದೊಂದು ಸೆಲ್ಲೂ ಸುಮಾರು 2.1 ವೋಲ್ಟ್ ಕೊಡುತ್ತದೆ.

ಈಗ ಮೀಟರ್ ಹಾಗೇ ಹಿಡಿದಿರುವಾಗ ಇನ್ನೊಬ್ಬರು ಬ್ರೇಕ್ ಹಿಡಿದು ಎರಡು ಮೂರು ಸೆಕೆಂಡ್ ಸೆಲ್ಫ್ ಒತ್ತಲಿ. ಒಳ್ಳೆಯ ಬ್ಯಾಟರಿಯ ವೋಲ್ಟೇಜ್ ಆ ಹೊತ್ತಿನಲ್ಲಿ ಸುಮಾರು 10ರ ಮೇಲೆ ನಿಲ್ಲುತ್ತದೆ. ಮೊದಲು 12.6 ತೋರಿಸಿದ್ದು ಸೆಲ್ಫ್ ಒತ್ತಿದ ಕೂಡಲೇ 8, 7 ಅಂತ ಕುಸಿದರೆ ವೋಲ್ಟೇಜ್ ಇದ್ದರೂ ಬ್ಯಾಟರಿಗೆ ಕಸುವಿಲ್ಲ. ವೋಲ್ಟೇಜ್ ಒಂದನ್ನೇ ನೋಡಿ "ಬ್ಯಾಟರಿ ಚೆನ್ನಾಗಿದೆ" ಎಂದುಬಿಡುವವರು ಎಡವುವುದು ಇಲ್ಲೇ.

ಬ್ಯಾಟರಿ ಖಾಲಿಯಾಗಿದ್ದರೆ ಮುಂದಿನ ಹಂತಕ್ಕೆ ಹೋಗುವ ಮುಂಚೆ ಹೊರಗಿನ ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿಸಿ. ಸ್ಕೂಟರ್ ಬ್ಯಾಟರಿಗಳು ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್ ಸಾಮರ್ಥ್ಯದವು. ಚಾರ್ಜ್ ಮಾಡುವ ಕರೆಂಟ್ ಅದರ ಹತ್ತನೇ ಒಂದು ಭಾಗ ಇರಬೇಕು. 4 ಆಂಪಿಯರ್-ಅವರ್ ಬ್ಯಾಟರಿಗೆ 0.4 ಆಂಪಿಯರ್, ಹತ್ತು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು. ಬ್ಯಾಟರಿ ಅಂಗಡಿಯಲ್ಲಿ ಕಾರು, ಲಾರಿ ಬ್ಯಾಟರಿಗಳ ಜೊತೆ ಒಂದೇ ಸಾಲಿಗೆ ಕಟ್ಟಿ ಒಂದು ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಅಷ್ಟು ಕರೆಂಟಿಗೆ ಈ ಪುಟ್ಟ ಬ್ಯಾಟರಿ ಬಿಸಿಯಾಗಿ ಹಾಳಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ, ದೀಪ, ಕಿಡಿ ಯಾವುದೂ ಬೇಡ.

ಪೂರ್ತಿ ಚಾರ್ಜ್ ಮಾಡಿ ಗಾಡಿಗೆ ಜೋಡಿಸದೆ ಒಂದು ರಾತ್ರಿ ಇಟ್ಟ ಬ್ಯಾಟರಿ ಬೆಳಿಗ್ಗೆ 12.4ಕ್ಕಿಂತ ಕೆಳಗೆ ಇಳಿದಿದ್ದರೆ ಅದು ಚಾರ್ಜ್ ಹಿಡಿದಿಡುತ್ತಿಲ್ಲ. ವಾರಗಟ್ಟಲೆ ಖಾಲಿ ಬಿದ್ದಿದ್ದ ಬ್ಯಾಟರಿಗಳ ಪಾಡು ಹೀಗೇ. ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದು ಕಡಿಮೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಮೈನಸ್ ವೈರ್ ಬಿಚ್ಚಿಟ್ಟು ಹೋಗುವುದು ಒಳ್ಳೆಯದು.

ಹಂತ 4: ಎಂಜಿನ್ ಓಡುವಾಗಿನ ಅಳತೆ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಉಳಿದದ್ದಕ್ಕೆ ಸಮಯವಿಲ್ಲದಿದ್ದರೂ ಇದನ್ನು ಮಾಡಿ.

ಮೀಟರ್ ಅದೇ ಡಿಸಿ 20 ವೋಲ್ಟಿನಲ್ಲಿರಲಿ. ಎಂಜಿನ್ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು ಬ್ಯಾಟರಿ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಗಾಡಿ ರಸ್ತೆಯಲ್ಲಿ 40ರಲ್ಲಿ ಹೋಗುವಾಗ ಬರುವಷ್ಟು ಸದ್ದು ಬರುವವರೆಗೆ ನಿಧಾನವಾಗಿ ರೇಸ್ ಕೊಟ್ಟು ಹಾಗೇ ಹಿಡಿಯಿರಿ. ಮೀಟರ್‌ನ ಅಂಕಿ ಒಂದು ಕಡೆ ನಿಂತ ಮೇಲೆ ಓದಿ.

13.5ರಿಂದ 14.8ರ ನಡುವೆ ನಿಂತರೆ ಚಾರ್ಜಿಂಗ್ ಸರಿಯಿದೆ. ಆರ್‌ಆರ್, ಕಾಯಿಲ್ ಯಾವುದನ್ನೂ ಮುಟ್ಟಬೇಡಿ. ದೋಷ ಬ್ಯಾಟರಿಯದ್ದು, ಇಲ್ಲವೇ ಕೀ ಆಫ್ ಮಾಡಿದ ಮೇಲೂ ಕರೆಂಟ್ ಸೋರುತ್ತಿದೆ, ಇಲ್ಲವೇ ಗಾಡಿ ಓಡಿಸುವ ರೀತಿಯಲ್ಲಿದೆ. ನೇರವಾಗಿ 7ನೇ ಹಂತಕ್ಕೆ ಹೋಗಿ.

ರೇಸ್ ಕೊಟ್ಟರೂ ಎಂಜಿನ್ ಆಫ್ ಇದ್ದಾಗಿನ ಅಂಕಿಯೇ ಇದ್ದರೆ, ಅಥವಾ ನಿಧಾನವಾಗಿ ಇಳಿಯುತ್ತಿದ್ದರೆ, ಬ್ಯಾಟರಿಗೆ ಏನೂ ತಲುಪುತ್ತಿಲ್ಲ. 5ನೇ ಹಂತ ನೋಡಿ.

ಸ್ವಲ್ಪ ಏರಿ 13ರ ಹತ್ತಿರ ನಿಂತು, ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಹಾಕಿದಾಗ 12.5ಕ್ಕೆ ಜಾರಿದರೆ ಕರೆಂಟ್ ಬರುತ್ತಿದೆ, ಆದರೆ ಸಾಲುತ್ತಿಲ್ಲ. ಕಪ್ಲರ್ ಅಥವಾ ಅರ್ತ್ ಮೇಲೆ ಮೊದಲ ಅನುಮಾನ.

15ನ್ನು ದಾಟಿದರೆ ಎಂಜಿನ್ ನಿಲ್ಲಿಸಿ. ಆರ್‌ಆರ್ ವೋಲ್ಟೇಜನ್ನು ಹಿಡಿದಿಡುತ್ತಿಲ್ಲ. ಬಲ್ಬುಗಳು ಪದೇ ಪದೇ ಹೋಗುವುದು, ಬ್ಯಾಟರಿ ಬಿಸಿಯಾಗುವುದು ಇದರ ಲಕ್ಷಣ. ಹೀಗೇ ಓಡಿಸಿದರೆ ಮೀಟರ್ ಬೋರ್ಡು, ಇಸಿಯುವರೆಗೂ ಹಾನಿ ಮುಟ್ಟಬಹುದು.

ಈ ಹಂತದಲ್ಲಿ ಜನ ಮೋಸಹೋಗುವ ಜಾಗಗಳು ಎರಡಿವೆ. ಮೊದಲನೆಯದು, ಐಡ್ಲಿಂಗ್ ಅಂಕಿ ನೋಡಿ ತೀರ್ಪು ಕೊಡುವುದು. ಸ್ಕೂಟರ್ ಎಂಜಿನ್ ನಿಧಾನ ತಿರುಗುವಾಗ ಕಡಿಮೆ ಕರೆಂಟ್ ಕೊಡುವುದು ಸಹಜ, ರೇಸ್ ಕೊಟ್ಟಾಗಿನ ಅಂಕಿಯೇ ಲೆಕ್ಕ. ಎರಡನೆಯದು, ಖಾಲಿ ಬ್ಯಾಟರಿ ಇಟ್ಟುಕೊಂಡು ಈ ಪರೀಕ್ಷೆ ಮಾಡುವುದು. ತೀರಾ ಖಾಲಿಯಾದ ಅಥವಾ ಒಂದು ಸೆಲ್ ಶಾರ್ಟ್ ಆದ ಬ್ಯಾಟರಿ ಬರುವ ಕರೆಂಟನ್ನೆಲ್ಲ ನುಂಗಿ ವೋಲ್ಟೇಜನ್ನು ಕೆಳಗೇ ಎಳೆದಿಡುತ್ತದೆ. ಆಗ ಚೆನ್ನಾಗಿರುವ ಆರ್‌ಆರ್ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಅನುಮಾನ ಬಂದರೆ ಅದೇ ಅಳತೆಯ ಚೆನ್ನಾಗಿರುವ ಬ್ಯಾಟರಿಯೊಂದನ್ನು ಎರವಲು ತಂದು ಮತ್ತೊಮ್ಮೆ ಅಳೆಯಿರಿ.

ಇನ್ನೊಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು "ಗಾಡಿ ಆಫ್ ಆಗಲಿಲ್ಲ, ಅಂದರೆ ಚಾರ್ಜಿಂಗ್ ಸರಿ ಇದೆ" ಎಂದು ತೋರಿಸುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ನಿಮ್ಮ ಗಾಡಿಯಲ್ಲಿ ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಆರ್‌ಆರ್, ಬಲ್ಬು, ಇಸಿಯು ಹೋಗುವುದು ಹೀಗೇ.

ಹಂತ 5: ಕಪ್ಲರ್, ವೈರು, ಅರ್ತ್

ಚಾರ್ಜಿಂಗ್ ಇಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ಕಣ್ಣು ಆರ್‌ಆರ್ ಮೇಲೆ ಬೀಳುತ್ತದೆ. ಅದಕ್ಕಿಂತ ಮುಂಚೆ ಅದಕ್ಕೆ ಸಿಕ್ಕಿಸಿರುವ ಕಪ್ಲರ್ ಬಿಚ್ಚಿ ಚೆನ್ನಾಗಿ ನೋಡಿ. ದುಡ್ಡು ಖರ್ಚಿಲ್ಲದೆ ಸರಿಹೋಗುವ ದೋಷಗಳು ಸಿಗುವುದು ಇಲ್ಲೇ.

ಆರ್‌ಆರ್ ಬಿಸಿಯಾಗುವ ಭಾಗ, ಹಾಗಾಗಿ ಅದಕ್ಕೆ ಗಾಳಿ ಆಡುವ ಕಡೆ ಕೂರಿಸಿರುತ್ತಾರೆ. ಬೆನ್ನ ಮೇಲೆ ಸಾಲಾಗಿ ಏಣುಗಳಿರುವ ಅಲ್ಯೂಮಿನಿಯಂ ಡಬ್ಬಿಯನ್ನು ಹುಡುಕಿ. ಕಪ್ಲರ್‌ನ ಚಿಲಕ ಒತ್ತಿ ಹೊರಗೆಳೆಯಿರಿ, ವೈರು ಹಿಡಿದು ಎಳೆಯಬೇಡಿ. ಈಗ ಪಿನ್ನುಗಳನ್ನು ಒಂದೊಂದಾಗಿ ನೋಡಿ. ಬಿಳಿ ಪ್ಲಾಸ್ಟಿಕ್ ಒಂದೇ ಒಂದು ಪಿನ್ನಿನ ಸುತ್ತ ಚಹಾ ಬಣ್ಣಕ್ಕೆ ತಿರುಗಿದ್ದರೆ, ಅಲ್ಲೇ ಸ್ವಲ್ಪ ಕರಗಿ ಅಂಚು ಮಡಚಿದ್ದರೆ, ಆ ಪಿನ್ ಸಡಿಲವಾಗಿ ಬಿಸಿಯಾಗಿದೆ. ಪಿನ್ನಿನ ಬಾಯಿಯೊಳಗೆ ಹಸಿರು ಪುಡಿ ಇದ್ದರೆ ನೀರು ಹೋಗಿದೆ. ವೈರು ಹೊರಗಿನಿಂದ ಚೆನ್ನಾಗಿದ್ದು ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಒಳಗಿನ ತಾಮ್ರ ತುಂಡಾಗಿದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಹ್ಯಾಂಡಲ್ ತಿರುಗಿದಾಗ ವೈರು ಮಡಚುವ ಜಾಗ, ವೈರು ಫ್ರೇಮಿಗೆ ಉಜ್ಜುವ ಜಾಗ, ಇಲಿ ಕಡಿದ ಗುರುತು ಇವನ್ನೂ ನೋಡಿ.

ಬ್ಯಾಟರಿ ಮೈನಸ್ ಬಿಚ್ಚಿಟ್ಟು ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಸುಟ್ಟ ಕಪ್ಲರನ್ನು ಉಜ್ಜಿ ಪ್ರಯೋಜನವಿಲ್ಲ, ಹೊಸದು ಹಾಕಿಸಬೇಕು. ವೈರುಗಳನ್ನು ಬರಿದೇ ಹೊಸೆದು ಟೇಪ್ ಸುತ್ತಿದರೆ ಒಂದು ಮಳೆಗಾಲವೂ ತಡೆಯುವುದಿಲ್ಲ.

ಅರ್ತ್ ಪರೀಕ್ಷೆ ಬಹಳ ಜನ ಬಿಟ್ಟುಬಿಡುವಂಥದ್ದು. ಕಪ್ಲರ್, ಬ್ಯಾಟರಿ ಮೈನಸ್ ಎರಡನ್ನೂ ವಾಪಸ್ ಜೋಡಿಸಿ, ಎಂಜಿನ್ ಓಡಿಸಿ ಲೈಟ್ ಹಾಕಿ ರೇಸ್ ಹಿಡಿಯಿರಿ. ಮೀಟರ್‌ನ ಒಂದು ಮೊನೆ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ. 0.2 ವೋಲ್ಟಿಗಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು, ಬಣ್ಣ ಉಜ್ಜಿ ಹಾಕಿ. ಅದೇ ರೀತಿ ಆರ್‌ಆರ್‌ನಿಂದ ಹೊರಬರುವ ಚಾರ್ಜಿಂಗ್ ವೈರಿಗೂ ಬ್ಯಾಟರಿ ಪ್ಲಸ್‌ಗೂ ನಡುವೆ ಅಳೆಯಿರಿ. ಅಲ್ಲಿ ಅರ್ಧ, ಒಂದು ವೋಲ್ಟ್ ಕಾಣಿಸಿದರೆ ಆರ್‌ಆರ್ ಕೊಟ್ಟದ್ದು ದಾರಿಯಲ್ಲೇ ಕಳೆದುಹೋಗುತ್ತಿದೆ. ಅಳೆಯಲು ವೈರಿನ ಮೈಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದ ನೀರಿಳಿದು ತಾಮ್ರ ಕೊಳೆಯುತ್ತದೆ. ಕಪ್ಲರ್‌ನ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ಅದಕ್ಕೆ ಮೊನೆ ತಾಗಿಸಿ.

ವೈರಿನ ಬಣ್ಣದ ವಿಷಯ: ಹೋಂಡಾ ಗಾಡಿಗಳಲ್ಲಿ ಹಸಿರು ವೈರು ಅರ್ತ್, ಸುಜುಕಿಯಲ್ಲಿ ಬಿಳಿ ಗೆರೆಯಿರುವ ಕಪ್ಪು ಅರ್ತ್. ಒಂದು ಕಂಪನಿಯ ಬಣ್ಣ ನಂಬಿ ಇನ್ನೊಂದು ಕಂಪನಿಯ ಗಾಡಿಯಲ್ಲಿ ಕೈಯಿಡಬೇಡಿ.

ಹಂತ 6: ಸ್ಟೇಟರ್ ಮತ್ತು ಆರ್‌ಆರ್

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಮೀಟರ್ ಇಲ್ಲದೆಯೇ ಸಿಗುವ ಸುಳಿವೊಂದಿದೆ. ಅವುಗಳಲ್ಲಿ ಎಷ್ಟೋ ಗಾಡಿಗಳ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ನೇರ ಕಾಯಿಲ್‌ನಿಂದ ಉರಿಯುತ್ತದೆ. ರೇಸ್ ಕೊಟ್ಟಂತೆ ಬೆಳಕು ಹೆಚ್ಚಾಗುವುದು ಅದಕ್ಕೇ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದ್ದು ಬ್ಯಾಟರಿ ಮಾತ್ರ ಚಾರ್ಜ್ ಆಗದಿದ್ದರೆ ಮ್ಯಾಗ್ನೆಟ್ ಕೆಲಸ ಮಾಡುತ್ತಿದೆ. ಕಾಯಿಲ್‌ನಲ್ಲಿ ಬ್ಯಾಟರಿಗೆಂದೇ ಇರುವ ತಂತಿಯ ಸುತ್ತು, ಆರ್‌ಆರ್ ಅಥವಾ ನಡುವಿನ ವೈರಿನಲ್ಲಿ ತೊಂದರೆ.

ಅಳೆಯಲು ಎಂಜಿನ್ ಕಡೆಯಿಂದ ಆರ್‌ಆರ್‌ಗೆ ಬರುವ ಕಪ್ಲರ್ ಬಿಚ್ಚಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಡಿಸಿಯಲ್ಲೇ ಬಿಟ್ಟು ಸೊನ್ನೆ ಬಂತೆಂದು ಕಾಯಿಲ್ ಬದಲಿಸಿದರೆ ಸುಮ್ಮನೆ ನಷ್ಟ. ಒಂದೇ ಬಣ್ಣದ ಮೂರು ವೈರು ಬಂದಿದ್ದರೆ ಅದು ತ್ರೀ ಫೇಸ್. ಎರಡೆರಡರಂತೆ ಮೂರು ಜೋಡಿ ಅಳೆಯಿರಿ. ಮೂರೂ ಅಂಕಿ ಹೆಚ್ಚು ಕಡಿಮೆ ಒಂದೇ ಇರಬೇಕು, ರೇಸ್ ಕೊಟ್ಟಂತೆ ಮೂರೂ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಕಾಯಿಲ್ ಸುಟ್ಟಿದೆ. ಚಾರ್ಜಿಂಗ್‌ಗೆ ಒಂದೇ ವೈರಿದ್ದರೆ ಆ ವೈರು ಮತ್ತು ಅರ್ತ್ ನಡುವೆ ಅಳೆಯಿರಿ. ಬಿಚ್ಚಿದ ವೈರಿನಲ್ಲಿ ರೇಸ್ ಕೊಟ್ಟಾಗ ಬ್ಯಾಟರಿಯ ವೋಲ್ಟೇಜಿಗಿಂತ ಎಷ್ಟೋ ಹೆಚ್ಚು ಬರಬಹುದು, ಬರಿಗೈ ತಾಗಿಸಬೇಡಿ.

ಎಂಜಿನ್ ನಿಲ್ಲಿಸಿ ಓಮ್ಸ್‌ಗೆ ತಿರುಗಿಸಿದರೆ ಒಳ್ಳೆಯ ಕಾಯಿಲ್ ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ಎರಡು ಮೊನೆಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯಿರಿ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ತ್ರೀ ಫೇಸ್ ಕಾಯಿಲ್‌ಗೂ ಎಂಜಿನ್ ಮೈಗೂ ಸಂಪರ್ಕ ಇರಬಾರದು, ಇದ್ದರೆ ಶಾರ್ಟ್. ಆದರೆ ಹಳೆಯ ಒಂಟಿ ವೈರಿನ ಕಾಯಿಲ್‌ಗಳಲ್ಲಿ ಒಂದು ತುದಿಯನ್ನು ಕಂಪನಿಯೇ ಅರ್ತ್‌ಗೆ ಸೇರಿಸಿರುತ್ತದೆ. ಅಲ್ಲಿ ಸಂಪರ್ಕ ಕಾಣುವುದೇ ಸರಿ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಕಾಯಿಲ್‌ಗಳು ಗುಜರಿಗೆ ಹೋಗಿವೆ.

ಕಾಯಿಲ್ ಸರಿ, ವೈರು ಸರಿ, ಅರ್ತ್ ಸರಿ, ಚೆನ್ನಾಗಿರುವ ಬ್ಯಾಟರಿ ಹಾಕಿದರೂ ವೋಲ್ಟೇಜ್ ಏರುತ್ತಿಲ್ಲ ಎಂದಾದರೆ ಉಳಿದದ್ದು ಆರ್‌ಆರ್. ಅದನ್ನು ಸಾಧಾರಣ ಮೀಟರ್‌ನಲ್ಲಿ ನಂಬಿಕೆಯಿಂದ ಪರೀಕ್ಷಿಸುವುದು ಕಷ್ಟ, ಹೀಗೆ ಒಂದೊಂದನ್ನೇ ತೆಗೆದುಹಾಕುತ್ತ ಬಂದೇ ತೀರ್ಮಾನಿಸಬೇಕು. ನಿಮ್ಮ ಮಾಡೆಲ್ಲಿನದ್ದನ್ನೇ ಕೊಳ್ಳಿ, ಕಪ್ಲರ್ ಕೂತ ಮಾತ್ರಕ್ಕೆ ಬೇರೆ ಗಾಡಿಯದು ಹೊಂದುವುದಿಲ್ಲ. ಕೂರಿಸುವ ಜಾಗದ ಮಣ್ಣು, ತುಕ್ಕು ಉಜ್ಜಿ ಬೋಲ್ಟ್ ಬಿಗಿ ಮಾಡಿಸಿ. ಆರ್‌ಆರ್‌ನ ಶಾಖ ಇಳಿಯುವುದು ಆ ಲೋಹಕ್ಕೇ, ಕೆಲವದರಲ್ಲಿ ಅರ್ತ್ ಕೂಡ ಅದೇ ಬೋಲ್ಟ್.

ಸ್ಟೇಟರ್ ಬದಲಿಸಲು ಮ್ಯಾಗ್ನೆಟ್ ಕಳಚುವ ಪುಲ್ಲರ್ ಬೇಕು, ಅದು ಗ್ಯಾರೇಜಿನ ಕೆಲಸ. ಸುತ್ತಿಗೆಯಲ್ಲಿ ಹೊಡೆದು ಕಳಚುವವರ ಕೈಗೆ ಕೊಡಬೇಡಿ. ಸ್ಟೇಟರ್ ಸುಟ್ಟಿದ್ದರೆ ಆರ್‌ಆರ್ ಶಾರ್ಟ್ ಆಗಿದೆಯೇ ಎಂದೂ ಅದೇ ಸಲ ನೋಡಿಸಿ, ಒಂದು ಇನ್ನೊಂದನ್ನು ಸುಡುತ್ತದೆ.

ಹಂತ 7: ಚಾರ್ಜಿಂಗ್ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ

ಮೊದಲು ಸೋರಿಕೆ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ವೈರು ಬಿಚ್ಚಿ. ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ಮೊನೆ ಬಿಚ್ಚಿದ ವೈರಿಗೆ, ಇನ್ನೊಂದು ಮೈನಸ್ ಟರ್ಮಿನಲ್‌ಗೆ. ಬಹಳ ಕಡಿಮೆಯಿದ್ದರೆ ಮಿಲಿಆಂಪಿಯರ್‌ಗೆ ಬದಲಿಸಿ. ಏನೂ ಹೆಚ್ಚುವರಿ ಜೋಡಿಸದ ಸ್ಕೂಟರ್‌ನಲ್ಲಿ ಒಂದೆರಡು ಮಿಲಿಆಂಪಿಯರ್‌ಗಿಂತ ಹೆಚ್ಚು ಬರಬಾರದು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಒತ್ತಬೇಡಿ, ಮೀಟರ್‌ನ ಫ್ಯೂಸ್ ಹೋಗುತ್ತದೆ. ಅಳತೆ ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಲು ಮರೆಯಬೇಡಿ.

20 ಮಿಲಿಆಂಪಿಯರ್ ಸೋರಿದರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಆಯಿತು. 4 ಆಂಪಿಯರ್-ಅವರ್ ಬ್ಯಾಟರಿ ಒಂದು ವಾರ ನಿಂತರೆ ಬಹುತೇಕ ಖಾಲಿ. ಜಿಪಿಎಸ್ ಟ್ರ್ಯಾಕರ್, ಕಳ್ಳತನದ ಅಲಾರಂ, ಕೀ ದಾಟದೆ ನೇರ ಬ್ಯಾಟರಿಗೆ ಕಟ್ಟಿದ ಮೊಬೈಲ್ ಚಾರ್ಜರ್, ಹೆಚ್ಚುವರಿ ಎಲ್‌ಇಡಿ ಲೈಟು ಸಾಮಾನ್ಯ ಕಾರಣಗಳು. ಒಂದೊಂದನ್ನೇ ಬಿಚ್ಚುತ್ತ ಅಂಕಿ ಯಾವಾಗ ಬೀಳುತ್ತದೆ ನೋಡಿ.

ಸೋರಿಕೆಯೂ ಇಲ್ಲದಿದ್ದರೆ ಓಡಿಸುವ ರೀತಿ. ಸೆಲ್ಫ್ 40 ಆಂಪಿಯರ್ ಎಳೆಯುತ್ತದೆ, ಮೂರು ಸೆಕೆಂಡ್ ಒತ್ತಿದಿರಿ ಎಂದಿಟ್ಟುಕೊಳ್ಳಿ. ಅದನ್ನು ಅರ್ಧ ಆಂಪಿಯರ್‌ನಲ್ಲಿ ತುಂಬಿಸಲು ನಾಲ್ಕು ನಿಮಿಷವಾದರೂ ಚೆನ್ನಾಗಿ ಓಡಬೇಕು. ಬೆಳಿಗ್ಗೆ ಹತ್ತದ ಗಾಡಿಗೆ ಐದಾರು ಸಲ ಸೆಲ್ಫ್ ಹೊಡೆದು, ಹಾಲು ತರಲು ಅರ್ಧ ಕಿಲೋಮೀಟರ್ ಹೋಗಿ, ಮತ್ತೆ ಸೆಲ್ಫ್ ಹೊಡೆದು ವಾಪಸ್ ಬಂದರೆ ಹೋದದ್ದು ತುಂಬುವುದೇ ಇಲ್ಲ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹಗಲಿಡೀ ಲೈಟ್ ಬೇರೆ ಉರಿಯುತ್ತದೆ. ಕಿಕ್ಕರ್ ಇರುವ ಗಾಡಿಯಾದರೆ ದಿನದ ಮೊದಲ ಸ್ಟಾರ್ಟ್ ಕಿಕ್‌ನಲ್ಲಿ ಮಾಡಿ. ಸೆಲ್ಫ್ ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಹತ್ತು ಸೆಕೆಂಡ್ ಬಿಡಿ. ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಮನೆ ಮುಂದೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಆ ಕೆಲಸ ಆಗುವುದಿಲ್ಲ. ಮತ್ತೆ, ಗೇರ್ ಬೈಕಿನಂತೆ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗದು. ಬೆಲ್ಟ್ ಮತ್ತು ಕ್ಲಚ್ಚಿನ ರಚನೆಯಿಂದಾಗಿ ಚಕ್ರ ತಿರುಗಿದರೂ ಎಂಜಿನ್ ತಿರುಗುವುದಿಲ್ಲ.

ಹಂತ 8: ಬ್ಯಾಟರಿಯೇ ಬದಲಿಸಬೇಕಾದರೆ

ವೋಲ್ಟ್, ಆಂಪಿಯರ್-ಅವರ್, ಅಳತೆ, ಪ್ಲಸ್ ಯಾವ ಬದಿಗಿದೆ ಎಂಬುದು, ಇವು ನಾಲ್ಕೂ ಹಳೆಯದಕ್ಕೆ ಹೊಂದಬೇಕು. ತಯಾರಾದ ತಿಂಗಳು ಕೇಳಿ. ಅಂಗಡಿಯ ಕಪಾಟಿನಲ್ಲಿ ವರ್ಷ ಕಳೆದದ್ದು ಬೇಡ. ಗಾಡಿಗೆ ಕೂರಿಸುವ ಮುಂಚೆ ಅಂಗಡಿಯಲ್ಲೇ ಮೀಟರ್ ಇಡಿಸಿ ನೋಡಿ, 12.6ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಯೇ ಕೊಡಿ ಎನ್ನಿ. ಹಳೆಯದನ್ನು ಅಲ್ಲೇ ಕೊಟ್ಟು ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ. ಒಳಗಿರುವುದು ಸೀಸ ಮತ್ತು ಆಸಿಡ್, ಕಸಕ್ಕೆ ಹಾಕುವಂಥದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು.

ಹೊಸದು ಕೂರಿಸಿದ ದಿನವೇ ಮೂರು ಅಂಕಿ ಅಳೆದು ಬಿಲ್ಲಿನ ಹಿಂದೆ ಬರೆದಿಡಿ: ನಿಂತಿದ್ದಾಗಿನದು, ಸೆಲ್ಫ್ ಒತ್ತಿದಾಗಿನದು, ರೇಸ್ ಕೊಟ್ಟಾಗಿನದು. ವಾರಂಟಿ ಮುಗಿಯುವ ಮುಂಚೆ ತಕರಾರು ಬಂದರೆ ಅಂಗಡಿಯವರು ಮೊದಲು ಕೇಳುವುದು "ನಿಮ್ಮ ಗಾಡಿಯ ಚಾರ್ಜಿಂಗ್ ಸರಿ ಇತ್ತಾ?" ಎಂದೇ.